ಪೊರೆ ಬಿಡಲಾಗದ ಹುಳು

ಹನೂರಿನ ಓದುಗರೊಬ್ಬರ ಪ್ರಶ್ನೆ: ‘ಮುಸುಕಿನ ಜೋಳಕ್ಕೆ ಬೇವಿನ ಬೀಜದ ಕಷಾಯ ಹೊಡೆದೆ. ಮರುದಿನ ನೋಡಿದರೆ ಸೈನಿಕ ಹುಳುಗಳು ಸುಳಿಯೊಳಗೆ ಹಾಗೇ ಓಡಾಡಿಕೊಂಡಿವೆ. ಬೇವಿನ ಶಕ್ತಿ ಎನ್ನುವುದೆಲ್ಲ ಬರೀ ಮಾತೇ?’

ಬರೀ ಮಾತಲ್ಲ. ಮರುದಿನವೇ ನೋಡಿದ್ದು ಅವಸರವಾಯಿತು, ಅಷ್ಟೆ.

ಬೇವು ಕಹಿ, ಆ ಕಹಿಗೇ ಹುಳು ಸಾಯುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಇದನ್ನು ಮೊದಲು ಬಿಡಬೇಕು. 1959ರಲ್ಲಿ ಸುಡಾನಿನಲ್ಲಿ ಮಿಡತೆ ದಂಡು ಸುತ್ತಲಿನ ಹಸಿರನ್ನೆಲ್ಲ ತಿಂದು ಬೇವಿನ ಮರಗಳನ್ನು ಮಾತ್ರ ಬಿಟ್ಟದ್ದನ್ನು ಜರ್ಮನಿಯ ಕೀಟತಜ್ಞ ಹೈನ್ರಿಕ್ ಶ್ಮುಟ್ಟರರ್ ಕಂಡರು. ಬೇವಿನ ಬೀಜದಲ್ಲಿರುವ ಅಜಾಡಿರಾಕ್ಟಿನ್ ಎಂಬ ವಸ್ತು ತೀರಾ ಅಲ್ಪ ಪ್ರಮಾಣದಲ್ಲಿದ್ದರೂ ಮರುಭೂಮಿ ಮಿಡತೆ ಬಾಯಿ ಹಾಕುವುದಿಲ್ಲ. ಆದರೆ ಉತ್ತರ ಅಮೆರಿಕದ ಒಂದು ಜಾತಿಯ ಮಿಡತೆಗೆ ಈ ಅಂಜಿಕೆಯೇ ಇಲ್ಲ. ಅದು ಬೇವು ಬಳಿದ ಎಲೆಯನ್ನು ನೆಮ್ಮದಿಯಾಗಿ ತಿನ್ನುತ್ತದೆ. ತಿಂದು, ಆಮೇಲೆ ಪೊರೆ ಬಿಡುವ ಹೊತ್ತಿಗೆ ಸಾಯುತ್ತದೆ! ಕಹಿಯೇ ಕಾರಣವಾಗಿದ್ದರೆ ಹೀಗಾಗುತ್ತಿರಲಿಲ್ಲ.

ಹುಳುವಿನ ಚರ್ಮ ಒಂದು ಮಿತಿ ಮೀರಿ ಹಿಗ್ಗುವುದಿಲ್ಲ. ಬೆಳೆಯಬೇಕಾದರೆ ಹಳೆಯ ಚರ್ಮ ಕಳಚಿ ಹೊರಬರಲೇಬೇಕು. ಅದಕ್ಕೆ ಒಳಗಿನಿಂದ ಒಂದು ಹಾರ್ಮೋನಿನ ಅಪ್ಪಣೆ ಬೇಕು. ಅಜಾಡಿರಾಕ್ಟಿನ್ ಆ ಅಪ್ಪಣೆಯನ್ನೇ ತಡೆಯುತ್ತದೆ. ಕಷಾಯ ಹೊಡೆದು ಕೆಲವು ದಿನ ಕಳೆದ ಮೇಲೆ ಜೋಳದ ಸುಳಿ ಬಿಡಿಸಿ, ಮರದ ಹೊಟ್ಟಿನಂಥ ಹಿಕ್ಕೆಯನ್ನು ಸರಿಸಿ ನೋಡಿ. ನಾನು ಮಸೂರದಲ್ಲಿ ನೋಡಿದ ಹುಳುವಿನ ಬೆನ್ನ ಮೇಲಿನ ಚರ್ಮ ಅರ್ಧ ಬಿರಿದು ಅಲ್ಲಿಗೇ ನಿಂತಿತ್ತು. ಹಳೆಯ ತಲೆಚಿಪ್ಪು ಹೊಸ ಬಾಯಿಯ ಮೇಲೆ ಮುಚ್ಚಳದಂತೆ ಅಂಟಿಕೊಂಡಿತ್ತು. ತಿನ್ನಲು ಬಾಯಿ ತೆರೆಯದು, ಬೆಳೆಯಲು ಮೈ ಸಾಲದು. ಎಂಥ ಸೂಕ್ಷ್ಮ ಉಪಾಯ ಈ ಮರದ್ದು! 1985ರಲ್ಲಿ ಈ ಅಣುವಿನ ರಚನೆ ಖಚಿತವಾಯಿತು. ಅದನ್ನು ಪ್ರಯೋಗಶಾಲೆಯಲ್ಲಿ ಕಟ್ಟಲು ಕೇಂಬ್ರಿಜ್‌ನ ಸ್ಟೀವನ್ ಲೇ ಅವರ ತಂಡಕ್ಕೆ 22 ವರ್ಷ ಹಿಡಿಯಿತು. 2007ರಲ್ಲಿ ಆ ಕೆಲಸ ಮುಗಿಯಿತು.

ಇಷ್ಟು ಬಲಶಾಲಿ ಅಣು ಬಿಸಿಲಿಗೆ ಮಾತ್ರ ತಾಳದು. ಎಲೆಯ ಮೇಲೆ ಬಿದ್ದದ್ದು ಕೆಲವೇ ದಿನಗಳಲ್ಲಿ ಒಡೆದುಹೋಗುತ್ತದೆ. ಅದಕ್ಕೇ ಸಂಜೆ ಹೊಡೆಯಿರಿ, ಮರಿಹುಳು ಇರುವಾಗಲೇ ಹೊಡೆಯಿರಿ ಎನ್ನುವುದು. ಬೇವಿನ ಎಲೆಯಲ್ಲಿ ಈ ವಸ್ತು ಬಹಳ ಕಡಿಮೆ. ಬೀಜದ ತಿರುಳೇ ಬೇಕು, ಅದೂ ಬೂಷ್ಟು ಹಿಡಿಯದ್ದು. ನೂರು ಲೀಟರ್ ನೀರಿಗೆ ಐದು ಕಿಲೋ ತಿರುಳಿನ ಪುಡಿ ಸಾಕು.

ಬಿಸಿಲಿನ ಈ ಕಾಟಕ್ಕೆ ವಿಜ್ಞಾನಿಗಳು ಹುಡುಕಿದ ದಾರಿ ಬೇವನ್ನು ಸಣ್ಣ ಕಣಗಳೊಳಗೆ ಅಡಗಿಸಿಡುವುದು. ಸಮುದ್ರ ಪಾಚಿಯ ಆಲ್ಜಿನೇಟ್, ಸೀಗಡಿ ಚಿಪ್ಪಿನ ಕೈಟೋಸಾನ್, ಪಿಷ್ಟ, ಜೇಡಿಮಣ್ಣು ಇವುಗಳಲ್ಲಿ ಬೇವಿನೆಣ್ಣೆಯನ್ನು ಸೆರೆಹಿಡಿದರೆ ಅದು ಸ್ವಲ್ಪ ಸ್ವಲ್ಪವಾಗಿ ಹೊರಬರುತ್ತದೆ. ನಿಧಾನವಾಗಿ ಬಿಡುವ ಈ ಉಪಾಯ ನಮ್ಮ ರೈತರಿಗೆ ಹೊಸದೇನಲ್ಲ. ಮೋಹಕ ಬಲೆಯೊಳಗಿನ ರಬ್ಬರ್ ಬಿರಡೆ ಹೆಣ್ಣು ಪತಂಗದ ವಾಸನೆಯನ್ನು ವಾರಗಟ್ಟಲೆ ಬಿಡುವುದೂ ಹೀಗೆಯೇ.

ಆದರೆ ಹನೂರಿನ ಜೋಳಕ್ಕೆ ವರವಾಗುವುದು ಕೊಳ್ಳೇಗಾಲ, ಯಳಂದೂರಿನ ಹಿಪ್ಪುನೇರಳೆ ತೋಟಕ್ಕೆ ಶಾಪವಾದೀತು. ರೇಷ್ಮೆಹುಳುವೂ ಪತಂಗದ ಮರಿಯೇ, ಸೈನಿಕ ಹುಳುವಿನ ದೂರದ ನೆಂಟ. ಗೂಡು ಕಟ್ಟುವ ಮುನ್ನ ಅದು ನಾಲ್ಕು ಜ್ವರ ದಾಟಬೇಕು, ಅಂದರೆ ನಾಲ್ಕು ಸಲ ಪೊರೆ ಬಿಡಬೇಕು. ಬೇವು ತಗುಲಿದ ಸೊಪ್ಪು ತಿಂದ ಹುಳು ಜ್ವರಕ್ಕೆ ಕೂತರೆ ಏಳುವುದು ಕಷ್ಟ. ಬಯಲಿನಲ್ಲಿ ಬೇವನ್ನು ಬೇಗ ಕೆಡಿಸುವ ಬಿಸಿಲೇ ರೇಷ್ಮೆಹುಳುವಿನ ಕಾವಲು. ಬೇವು ಹೆಚ್ಚು ದಿನ ನಿಲ್ಲುವಂತೆ ಮಾಡಿದರೆ ಆ ಕಾವಲನ್ನು ನಾವೇ ತೆಗೆದಂತೆ.

ಹೀಗೆ ರೇಷ್ಮೆ ಬೆಳೆ ಕೆಟ್ಟಾಗ ‘ಹುಳುಮನೆಗೆ ಮೈಲಿಗೆಯಾಯಿತು’ ಎಂದು ಮನೆಯ ಹೆಂಗಸರ ಮೇಲೆ ತಪ್ಪು ಹೊರಿಸುವುದುಂಟು. ಶುದ್ಧ ಅನ್ಯಾಯ. ಹಗಲಿರುಳು ಸೊಪ್ಪು ಹಾಕುವವರೇ ಅವರು. ಮುಟ್ಟಿಗೂ ಹುಳುವಿನ ಸಾವಿಗೂ ಎಳ್ಳಷ್ಟೂ ಸಂಬಂಧವಿಲ್ಲ. ರೋಗವನ್ನು ಹುಡುಕಿ, ಸೊಪ್ಪು ಎಲ್ಲಿಂದ ಬಂತೆಂದು ಕೇಳಿ.

ಗಿಡಮೂಲದ್ದಾದ ಮಾತ್ರಕ್ಕೆ ನಿರಪಾಯವಲ್ಲ. ಕಷಾಯ ಹೊಡೆಯುವ ಮುನ್ನ ಗಾಳಿ ಯಾವ ಕಡೆ ಬೀಸುತ್ತಿದೆ ನೋಡಿ, ಪಕ್ಕದಲ್ಲಿ ಹಿಪ್ಪುನೇರಳೆ ಇದ್ದರೆ ತೋಟದವರಿಗೆ ಹಿಂದಿನ ದಿನವೇ ತಿಳಿಸಿ. ಹಿಪ್ಪುನೇರಳೆಗೇ ಬೇವು ಹೊಡೆಯುವುದಾದರೆ, ಎಷ್ಟು ದಿನ ಬಿಟ್ಟು ಸೊಪ್ಪು ಕೊಯ್ಯಬೇಕೆಂದು ರೇಷ್ಮೆ ಇಲಾಖೆಯವರನ್ನು ಕೇಳಿಯೇ ಮುಂದುವರಿಯಿರಿ.