ಸ್ನೂಕರ್‌ನಲ್ಲಿ ಪ್ರತಿ ಫೌಲ್‌ಗೂ ಫ್ರೀ ಬಾಲ್ ಸಿಗುತ್ತದೆಯೇ?

ಮೊಬೈಲ್‌ನಲ್ಲಿ ಪೂಲ್ ಗೇಮ್ ಆಡಿ ಪಳಗಿದವರು ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಕಡೆ ಬೇಕಾದಷ್ಟು ಜನ ಇದ್ದಾರೆ. ಅವರೇ ಗೆಳೆಯರ ಜೊತೆ ನಿಜವಾದ ಸ್ನೂಕರ್ ಟೇಬಲ್ ಮುಂದೆ ನಿಂತಾಗ ಮೊದಲ ಜಗಳ ಶುರುವಾಗುವುದು ಹೆಚ್ಚಾಗಿ ಒಂದೇ ವಿಷಯಕ್ಕೆ. ಎದುರಾಳಿ ಫೌಲ್ ಮಾಡಿದ, ಈಗ ನನಗೆ ಏನು ಸಿಗಬೇಕು? ಒಬ್ಬ 'ಬಿಳಿ ಚೆಂಡು ಕೈಗೆ ಕೊಡು, ಬೇಕಾದಲ್ಲಿ ಇಟ್ಟು ಹೊಡೆಯುತ್ತೇನೆ' ಅನ್ನುತ್ತಾನೆ. ಇನ್ನೊಬ್ಬ 'ಫೌಲ್ ಅಂದರೆ ಫ್ರೀ ಬಾಲ್, ಯಾವ ಬಣ್ಣಕ್ಕಾದರೂ ಹೊಡಿ' ಅನ್ನುತ್ತಾನೆ. ಮೂರನೆಯವನು 'ಅವನ ಸ್ಕೋರಿನಿಂದ ನಾಲ್ಕು ಕಳೆಯಿರಿ' ಎಂದು ತೀರ್ಪು ಕೊಡುತ್ತಾನೆ. ಸೋತವರೇ ಟೇಬಲ್ ಬಾಡಿಗೆ ಕೊಡುವ ರೂಢಿ ಇರುವಲ್ಲಿ ಇದು ಬರೀ ಮಾತಿನ ಜಗಳವಾಗಿ ಉಳಿಯುವುದಿಲ್ಲ.

ಅಧಿಕೃತ ನಿಯಮದ ಪ್ರಕಾರ ಈ ಮೂವರ ಮಾತೂ ತಪ್ಪು. ಹಾಗಾದರೆ ಸರಿ ಯಾವುದು? ಒಂದೊಂದಾಗಿ ನೋಡೋಣ.

ಫೌಲ್ ಆದರೆ ಅಂಕ ಯಾರಿಗೆ?

ಕೇರಂ ಆಡಿದವರಿಗೆ ಗೊತ್ತು, ಸ್ಟ್ರೈಕರ್ ಪಾಕೆಟ್‌ಗೆ ಬಿದ್ದರೆ ನಾವು ಗಳಿಸಿದ ಕಾಯಿಯನ್ನೇ ವಾಪಸ್ ಇಡಬೇಕು. ಸ್ನೂಕರ್‌ನಲ್ಲಿ ಹಾಗಿಲ್ಲ. ಫೌಲ್ ಮಾಡಿದವರ ಅಂಕ ಕಡಿಮೆಯಾಗುವುದಿಲ್ಲ, ಎದುರಾಳಿಯ ಅಂಕ ಹೆಚ್ಚುತ್ತದೆ. ಫೌಲ್ ಆದ ಹೊಡೆತದಲ್ಲಿ ಬಿದ್ದ ಚೆಂಡಿಗೆ ಅಂಕ ಇಲ್ಲ, ಆದರೆ ಅದಕ್ಕೂ ಮೊದಲು ಅದೇ ಸರದಿಯಲ್ಲಿ ಗಳಿಸಿದ್ದು ಹಾಗೆಯೇ ಉಳಿಯುತ್ತದೆ.

ಎಷ್ಟು ಅಂಕ? ಕನಿಷ್ಠ 4, ಗರಿಷ್ಠ 7. ಚೆಂಡುಗಳ ಬೆಲೆ ನೆನಪಿಸಿಕೊಳ್ಳಿ: ಕೆಂಪು 1, ಹಳದಿ 2, ಹಸಿರು 3, ಬ್ರೌನ್ 4, ನೀಲಿ 5, ಪಿಂಕ್ 6, ಕಪ್ಪು 7. ನೀವು ಹೊಡೆಯಬೇಕಿದ್ದ ಚೆಂಡು, ತಪ್ಪಾಗಿ ತಾಗಿದ ಚೆಂಡು, ಇವೆರಡರಲ್ಲಿ ಯಾವುದರ ಬೆಲೆ ಹೆಚ್ಚೋ ಅಷ್ಟು ದಂಡ. ಅದು 4ಕ್ಕಿಂತ ಕಡಿಮೆಯಿದ್ದರೆ 4 ಎಂದೇ ಲೆಕ್ಕ. ಕೆಂಪಿಗೆ ಗುರಿಯಿಟ್ಟು ಯಾವುದಕ್ಕೂ ತಾಗದಿದ್ದರೆ 4. ಕೆಂಪಿನ ಬದಲು ಮೊದಲು ನೀಲಿಗೆ ತಾಗಿದರೆ 5, ಕಪ್ಪಿಗೆ ತಾಗಿದರೆ 7. ಪಿಂಕ್ ಎಂದು ಹೇಳಿ ಹೊಡೆದದ್ದು ಮೊದಲು ಕೆಂಪಿಗೆ ತಾಗಿದರೆ 6.

ಬಿಳಿ ಚೆಂಡು ಪಾಕೆಟ್‌ಗೆ ಬೀಳುವುದು, ಚೆಂಡು ಟೇಬಲ್ ಬಿಟ್ಟು ಹಾರುವುದು, ಅಂಗಿಯ ತೋಳು ಚೆಂಡಿಗೆ ತಾಗುವುದು, ಎರಡೂ ಕಾಲು ನೆಲದಿಂದ ಎತ್ತಿ ಹೊಡೆಯುವುದು, ಚೆಂಡುಗಳು ನಿಲ್ಲುವ ಮೊದಲೇ ಹೊಡೆಯುವುದು ಎಲ್ಲವೂ ಫೌಲ್. ಅಂಗಿಯ ತೋಳಿನ ಫೌಲನ್ನು ಗೆಳೆಯರ ಆಟದಲ್ಲಿ ಯಾರೂ ಒಪ್ಪಿಕೊಳ್ಳುವುದಿಲ್ಲ ಎಂಬುದು ಬೇರೆ ಮಾತು.

ಬಿಳಿ ಚೆಂಡು ಕೈಗೆ ಬರುತ್ತದೆಯೇ?

ಇದು ಮೊಬೈಲ್ ಗೇಮ್‌ನಿಂದ ಬಂದ ಗೊಂದಲ. ಪೂಲ್‌ನ ಹಲವು ಬಗೆಗಳಲ್ಲಿ ಫೌಲ್ ಆದರೆ ಎದುರಾಳಿ ಬಿಳಿ ಚೆಂಡನ್ನು ಎಲ್ಲಿ ಬೇಕಾದರೂ ಇಡಬಹುದು. ಸ್ನೂಕರ್‌ನಲ್ಲಿ ಬಿಳಿ ಚೆಂಡು ಪಾಕೆಟ್‌ಗೆ ಬಿದ್ದಾಗ ಅಥವಾ ಟೇಬಲ್‌ನಿಂದ ಹೊರಬಿದ್ದಾಗ ಮಾತ್ರ ಕೈಗೆ ಬರುತ್ತದೆ. ಆಗಲೂ 'ಡಿ' ಆಕಾರದ ಗುರುತಿನ ಒಳಗಷ್ಟೇ ಇಡಬೇಕು. ಉಳಿದ ಫೌಲ್‌ಗಳಲ್ಲಿ ಬಿಳಿ ಚೆಂಡು ನಿಂತಲ್ಲೇ ಇರುತ್ತದೆ. ಅಲ್ಲಿಂದ ನೀವು ಆಡಬಹುದು, ಇಲ್ಲವೇ ಫೌಲ್ ಮಾಡಿದವರಿಗೇ 'ನೀನೇ ಆಡು' ಎನ್ನಬಹುದು. ಈ ಎರಡನೇ ಹಕ್ಕು ಎಷ್ಟೋ ಜನರಿಗೆ ಗೊತ್ತೇ ಇಲ್ಲ.

ಟೂರ್ನಿಗಳಲ್ಲಿ ರೆಫರಿ 'ಫೌಲ್ ಆ್ಯಂಡ್ ಎ ಮಿಸ್' ಎಂದರೆ ಚೆಂಡುಗಳನ್ನು ಮೊದಲಿದ್ದ ಜಾಗಕ್ಕೇ ಇಟ್ಟು ಮತ್ತೆ ಆಡಿಸುವ ಆಯ್ಕೆಯೂ ಉಂಟು. ಗೆಳೆಯರ ಆಟದಲ್ಲಿ ಇದನ್ನು ಬಿಟ್ಟುಬಿಡುವುದೇ ಒಳ್ಳೆಯದು ಎಂದು ನಮಗನ್ನಿಸುತ್ತದೆ. ಯಾವ ಚೆಂಡು ಎಲ್ಲಿತ್ತು ಎಂಬುದೇ ಹೊಸ ಜಗಳವಾಗುತ್ತದೆ.

ಹಾಗಾದರೆ ಫ್ರೀ ಬಾಲ್ ಯಾವಾಗ?

ಎರಡು ಷರತ್ತು ಒಟ್ಟಿಗೆ ಕೂಡಿಬರಬೇಕು. ಈಗಷ್ಟೇ ಎದುರಾಳಿಯಿಂದ ಫೌಲ್ ಆಗಿರಬೇಕು. ಆ ಫೌಲ್‌ನ ನಂತರ ನೀವು ಸ್ನೂಕರ್ ಆಗಿರಬೇಕು, ಅಂದರೆ ಹೊಡೆಯಬೇಕಾದ ಚೆಂಡಿಗೂ ಬಿಳಿ ಚೆಂಡಿಗೂ ನಡುವೆ ಬೇರೆ ಚೆಂಡು ಅಡ್ಡ ಬಂದಿರಬೇಕು.

ಎದುರಾಳಿ ಯಾವ ತಪ್ಪೂ ಮಾಡದೆ ಬಿಳಿ ಚೆಂಡನ್ನು ಬ್ರೌನ್‌ನ ಹಿಂದೆ ಅಡಗಿಸಿ ನಿಲ್ಲಿಸಿದರೆ ಫ್ರೀ ಬಾಲ್ ಇಲ್ಲ. ಅದು ಆತನ ಜಾಣತನ. ಅದೇ ರೀತಿ, ಫೌಲ್ ಆಗಿಯೂ ನಿಮ್ಮ ಚೆಂಡು ಪೂರ್ತಿ ಕಾಣುತ್ತಿದ್ದರೆ ದಂಡದ ಅಂಕ ಸಿಗುತ್ತದೆ, ಫ್ರೀ ಬಾಲ್ ಸಿಗುವುದಿಲ್ಲ. ಈ ನಿಯಮ ಇರುವುದು ತಪ್ಪು ಮಾಡಿದವನು ಅದೇ ತಪ್ಪಿನಿಂದ ಲಾಭ ಪಡೆಯಬಾರದು ಎಂಬ ಕಾರಣಕ್ಕೆ.

'ಅಡ್ಡ' ಎಂದರೆ ಎಷ್ಟು ಅಡ್ಡ? ಹೆಚ್ಚು ವಾದ ನಡೆಯುವುದು ಇಲ್ಲೇ. ಚೆಂಡು ಅರ್ಧ ಕಾಣುತ್ತಿದೆ, ಹೊಡೆಯಬಹುದಲ್ಲ ಎಂದು ಎದುರಾಳಿ ಹೇಳಬಹುದು. ನಿಯಮ ಹಾಗೆ ಹೇಳುವುದಿಲ್ಲ. ಹೊಡೆಯಬೇಕಾದ ಚೆಂಡಿನ ಎಡ ಅಂಚು ಮತ್ತು ಬಲ ಅಂಚು ಎರಡಕ್ಕೂ ನೇರ ದಾರಿ ಇರಬೇಕು. ಒಂದು ಅಂಚಿಗೆ ದಾರಿ ಇಲ್ಲದಿದ್ದರೂ ನೀವು ಸ್ನೂಕರ್ ಆದಂತೆಯೇ. ಕೆಂಪು ಚೆಂಡು ಹೊಡೆಯುವ ಸರದಿಯಾದರೆ ಹಲವು ಕೆಂಪುಗಳಲ್ಲಿ ಯಾವುದಾದರೂ ಒಂದರ ಎರಡೂ ಅಂಚಿಗೆ ದಾರಿ ಸಿಕ್ಕರೆ ಫ್ರೀ ಬಾಲ್ ಇಲ್ಲ. ಒಂದು ಕೆಂಪಿಗೆ ಇನ್ನೊಂದು ಕೆಂಪು ಅಡ್ಡ ಇದ್ದರೆ ಅದು ಅಡ್ಡಿಯೆಂದು ಲೆಕ್ಕವಿಲ್ಲ. ಬಿಳಿ ಚೆಂಡು ಪಾಕೆಟ್‌ನ ಬಾಯಿಯ ಬಾಗಿದ ಕುಶನ್‌ಗೆ ಸಿಕ್ಕಿಕೊಂಡು ದಾರಿ ತಪ್ಪಿದ್ದರೆ ಅದೂ ಸ್ನೂಕರ್ ಅಲ್ಲ, ಬರೀ ದುರದೃಷ್ಟ.

ಫ್ರೀ ಬಾಲ್‌ನಲ್ಲಿ ಕಪ್ಪು ಹಾಕಿದರೆ 7 ಸಿಗುತ್ತದೆಯೇ?

ಇಲ್ಲ. ಫ್ರೀ ಬಾಲ್ ಎಂದು ನೀವು ಹೆಸರಿಸಿದ ಚೆಂಡು ಆ ಒಂದು ಹೊಡೆತದ ಮಟ್ಟಿಗೆ ನಿಮ್ಮ ಸರದಿಯ ಚೆಂಡಿನ ವೇಷ ಹಾಕುತ್ತದೆ. ಬೆಲೆಯೂ ಆ ವೇಷದ್ದೇ. ಕೆಂಪಿನ ಸರದಿಯಲ್ಲಿ ಕಪ್ಪನ್ನು ಫ್ರೀ ಬಾಲ್ ಮಾಡಿ ಪಾಟ್ ಮಾಡಿದರೆ 1 ಅಂಕ. ಕಪ್ಪು ತನ್ನ ಜಾಗಕ್ಕೆ ವಾಪಸ್ ಬರುತ್ತದೆ, ಆಮೇಲೆ ಎಂದಿನಂತೆ ಬಣ್ಣದ ಚೆಂಡು ಹೊಡೆಯಬಹುದು.

ಒಂದೇ ಅಂಕಕ್ಕೆ ಇಷ್ಟೆಲ್ಲ ಯಾಕೆ ಅನ್ನಿಸಬಹುದು. ಒಂದು ಲೆಕ್ಕ ನೋಡಿ. ಕೆಂಪು ಎಲ್ಲ ಮುಗಿದು ಆರು ಬಣ್ಣಗಳಷ್ಟೇ ಉಳಿದಿವೆ. ಅವುಗಳ ಒಟ್ಟು ಬೆಲೆ 27. ನೀವು 32 ಅಂಕ ಹಿಂದಿದ್ದೀರಿ. ಎದುರಾಳಿ ಹಳದಿ ತಪ್ಪಿಸಿ ಫೌಲ್ ಮಾಡಿದ, ನಿಮಗೆ 4. ಈಗ 28 ಹಿಂದೆ. ಉಳಿದದ್ದು 27 ಮಾತ್ರ, ಆಟ ಮುಗಿಯಿತೆಂದು ಕ್ಯೂ ಕೆಳಗಿಡುವವರೇ ಹೆಚ್ಚು. ಆದರೆ ಆ ಫೌಲ್‌ನಿಂದ ಹಳದಿ ಅಡ್ಡವಾಗಿದ್ದರೆ ನಿಮಗೆ ಫ್ರೀ ಬಾಲ್ ಇದೆ. ಯಾವುದಾದರೂ ಬಣ್ಣವನ್ನು ಹಳದಿಯೆಂದು ಹೆಸರಿಸಿ ಪಾಟ್ ಮಾಡಿದರೆ 2, ಆಮೇಲೆ ಹಳದಿಯಿಂದ ಕಪ್ಪಿನವರೆಗೆ 27. ಒಟ್ಟು 29. ಒಂದು ಅಂಕದಿಂದ ಫ್ರೇಮ್ ನಿಮ್ಮದು.

ಇದೇ ನಿಯಮದಿಂದ 147ರ ಮಿತಿಯೂ ದಾಟುತ್ತದೆ. 15 ಕೆಂಪೂ ಟೇಬಲ್ ಮೇಲಿರುವಾಗ ಫ್ರೀ ಬಾಲ್ ಸಿಕ್ಕರೆ ಅದು ಹದಿನಾರನೇ ಕೆಂಪಿನಂತೆ. 2004ರಲ್ಲಿ ಯುಕೆ ಚಾಂಪಿಯನ್‌ಷಿಪ್‌ನ ಅರ್ಹತಾ ಸುತ್ತಿನಲ್ಲಿ ಸ್ಕಾಟ್ಲೆಂಡಿನ ಜೇಮೀ ಬರ್ನೆಟ್ ಹೀಗೆಯೇ 148ರ ಬ್ರೇಕ್ ಮಾಡಿದರು. ಬ್ರೌನನ್ನೇ ಫ್ರೀ ಬಾಲ್ ಆಗಿ ಹಾಕಿ 1, ಮತ್ತೆ ಬಣ್ಣವಾಗಿ ಅದೇ ಬ್ರೌನ್ ಹಾಕಿ 4, ಆಮೇಲೆ 15 ಕೆಂಪು. ಲೆಕ್ಕದ ಪ್ರಕಾರ ಈ ದಾರಿಯಲ್ಲಿ 155ರವರೆಗೂ ಹೋಗಬಹುದು.

ಕ್ರಿಕೆಟ್‌ನ ಫ್ರೀ ಹಿಟ್ ತರಹವೇ?

ಹೆಸರು ಕೇಳಿ ಹಾಗೆಂದುಕೊಂಡವರು ಇದ್ದಾರೆ. ಫ್ರೀ ಹಿಟ್‌ನಲ್ಲಿ ಬೌಲ್ಡ್ ಆದರೂ ಬ್ಯಾಟರ್ ಔಟಾಗುವುದಿಲ್ಲ. ಫ್ರೀ ಬಾಲ್‌ನಲ್ಲಿ ಅಂಥ ರಕ್ಷಣೆ ಏನೂ ಇಲ್ಲ. ಹೆಸರಿಸಿದ ಚೆಂಡು ತಪ್ಪಿದರೆ ಅದು ನಿಮ್ಮ ಫೌಲ್. ಇನ್ನೊಂದು ಬಲೆಯೂ ಇದೆ. ಪಾಟ್ ಮಾಡುವ ಬದಲು ಫ್ರೀ ಬಾಲನ್ನು ಮೆಲ್ಲಗೆ ತಾಗಿಸಿ, ಬಿಳಿ ಚೆಂಡನ್ನು ಅದರ ಹಿಂದೆಯೇ ಅಡಗಿಸಿ ಎದುರಾಳಿಯನ್ನು ಸಿಕ್ಕಿಸೋಣ ಎಂದುಕೊಂಡರೆ ಅದೂ ಫೌಲ್. ಟೇಬಲ್ ಮೇಲೆ ಪಿಂಕ್ ಮತ್ತು ಕಪ್ಪು ಎರಡೇ ಉಳಿದಿರುವಾಗ ಮಾತ್ರ ಇದಕ್ಕೆ ವಿನಾಯಿತಿ.

ಈ ಆಟ ಹುಟ್ಟಿದ್ದು ಎಲ್ಲಿ?

ನಮ್ಮ ದೇಶದಲ್ಲೇ. 1875ರಲ್ಲಿ ಜಬಲ್ಪುರದ ಬ್ರಿಟಿಷ್ ಸೇನಾ ಮೆಸ್‌ನಲ್ಲಿ ನೆವಿಲ್ ಚೇಂಬರ್ಲಿನ್ ಎಂಬ ಯುವ ಅಧಿಕಾರಿ ಇದನ್ನು ರೂಪಿಸಿದ ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಕಥೆ. ನಿಯಮಗಳು ಬರಹದ ರೂಪ ಪಡೆದದ್ದು 1882ರ ಹೊತ್ತಿಗೆ ಊಟಿ ಕ್ಲಬ್‌ನಲ್ಲಿ, ಅಂದರೆ ಮೈಸೂರಿನ ಪಕ್ಕದಲ್ಲೇ. 'ಬ್ರಿಟನ್ ಪ್ರಧಾನಿ ಕಂಡುಹಿಡಿದ ಆಟ' ಎಂಬ ಸಂದೇಶ ನಿಮಗೆ ಬಂದರೆ ಮುಂದಕ್ಕೆ ಕಳಿಸಬೇಡಿ. ಆ ಪ್ರಧಾನಿಯೂ ನೆವಿಲ್ ಚೇಂಬರ್ಲಿನ್ನೇ, ಆದರೆ ಹುಟ್ಟಿದ್ದು 1869ರಲ್ಲಿ. 1875ರಲ್ಲಿ ಆರು ವರ್ಷದ ಹುಡುಗ.

ಬೆಂಗಳೂರಿನ ಪಂಕಜ್ ಅಡ್ವಾಣಿ 2003ರಲ್ಲಿ ಚೀನಾದಲ್ಲಿ ವಿಶ್ವ ಅಮೆಚೂರ್ ಸ್ನೂಕರ್ ಪ್ರಶಸ್ತಿ ಗೆದ್ದ ಮೇಲೆ ಕರ್ನಾಟಕದಲ್ಲಿ ಈ ಆಟದ ಹೆಸರು ಮನೆಮನೆಗೆ ತಲುಪಿತು. 2017ರಲ್ಲಿ ಸಿಂಗಪುರದಲ್ಲಿ ನಡೆದ ಮಹಿಳಾ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಕರ್ನಾಟಕದ ವಿದ್ಯಾ ಪಿಳ್ಳೈ ಹಾಂಗ್‌ಕಾಂಗ್‌ನ ಆಟಗಾರ್ತಿಗೆ 5-6ರಲ್ಲಿ ಸೋತರು. ವಿಶ್ವ ಪ್ರಶಸ್ತಿ ಕೈತಪ್ಪಿದ್ದು ಒಂದೇ ಒಂದು ಫ್ರೇಮ್‌ನಿಂದ.

ರೆಫರಿ ಇಲ್ಲದಾಗ ತೀರ್ಮಾನ ಹೇಗೆ?

ಫೌಲ್ ಆದ ಕೂಡಲೇ ಯಾರೂ ಚೆಂಡು ಮುಟ್ಟಬಾರದು. ಆಡದೆ ನಿಂತಿರುವ ಮೂರನೆಯವರನ್ನು ಕರೆಯಿರಿ. ಅವರು ಬಿಳಿ ಚೆಂಡಿನ ಹಿಂದೆ ಬಗ್ಗಿ, ಹೊಡೆಯಬೇಕಾದ ಚೆಂಡಿನ ಎರಡೂ ಅಂಚಿಗೆ ಒಂದು ಇಡೀ ಚೆಂಡು ಉರುಳುವಷ್ಟು ಜಾಗ ಇದೆಯೇ ನೋಡಲಿ. ಕಣ್ಣಿಗೆ ಅಂಚು ಕಂಡರೆ ಸಾಲದು, ಬಿಳಿ ಚೆಂಡಿಗೂ ದಪ್ಪ ಇದೆ. ಜಾಗ ಇಲ್ಲ ಎಂದಾದರೆ ಫ್ರೀ ಬಾಲ್. ಹೊಡೆಯುವ ಮೊದಲು ಯಾವ ಚೆಂಡು ಎಂದು ಬಾಯಿಬಿಟ್ಟು ಹೇಳಿ.