ಏರಿಗೆ ರಾಗಿ, ಇಳಿಜಾರಿಗೆ ಗೇರ್

ಕೃಷ್ಣಗಿರಿಯ ಕೋಟೆ ಬೆಟ್ಟ ಹತ್ತಿ ಇಳಿದ ಎರಡನೇ ದಿನ ನನ್ನ ಹೆಂಡತಿಗೆ ಗಾಡಿಯ ಎರಡು ಮೆಟ್ಟಿಲು ಇಳಿಯುವುದೇ ಕಷ್ಟವಾಯಿತು. "ಹತ್ತುವಾಗ ಏನೂ ಆಗ್ಲಿಲ್ಲ ಕಣ್ರೀ, ಇಳಿದದ್ದೇ ತಪ್ಪಾಯ್ತು" ಎಂದು ತೊಡೆ ಹಿಡಿದುಕೊಂಡು ಕೂತಳು. ನನಗೆ ನಗು ಬರಲಿಲ್ಲ. ಹಿಂದಿನ ವಾರವಷ್ಟೇ ಹೊಸೂರಿನಿಂದ ಕೆಳಗಿಳಿಯುವಾಗ ನಮ್ಮ ಗಾಡಿಗೂ ಅದೇ ಕಾಯಿಲೆ ಬಂದಿತ್ತು: ಮುಂದಿನ ಚಕ್ರಗಳಿಂದ ಸುಟ್ಟ ವಾಸನೆ, ಬ್ರೇಕ್ ಪೆಡಲು ಮೆತ್ತಗೆ.

ಗಾಡಿ ಅಂದರೆ ನಮ್ಮ ಮನೆ. ಸೀಟು ಕಿತ್ತು ಮಂಚ, ಒಲೆ, ಸಿಂಕು, ನೀರಿನ ಟ್ಯಾಂಕು ಕೂರಿಸಿದ ಹಳೆಯ ವ್ಯಾನು. (ಕಿತ್ತು ಕಟ್ಟಿಸಿದರೆ ಸಾಲದು, ಆ ಬದಲಾವಣೆ ಆರ್‌ಟಿಒ ದಾಖಲೆಗೂ ಏರಬೇಕು.) ಬೆಂಗಳೂರಿನ ಮನೆ ಬಾಡಿಗೆಗೆ ಕೊಟ್ಟು ವರ್ಷವಿಡೀ ಇದರಲ್ಲೇ ಇದ್ದೇವೆ. ಬೆಳಿಗ್ಗೆ ಒಂದು ಬೆಟ್ಟ, ರಾತ್ರಿ ಪೆಟ್ರೋಲ್ ಬಂಕಿನ ಅಂಗಳವೋ ಕಲ್ಯಾಣ ಮಂಟಪದ ಪಕ್ಕವೋ. ಒಮ್ಮೆ ಡೆಂಕಣಿಕೋಟೆಯಾಚೆ ಕಾಡಂಚಿನಲ್ಲಿ ನಿಲ್ಲಿಸಲು ಹೋದಾಗ ದನ ಹೊಡೆದುಕೊಂಡು ಬರುತ್ತಿದ್ದವರು, "ಆನೆ ಬತ್ತವೆ ಸಾರ್, ಇಲ್ಲಿ ಮನಗಬ್ಯಾಡಿ" ಎಂದು ಕನ್ನಡದಲ್ಲೇ ಗದರಿಸಿ ಕಳಿಸಿದರು. ರಾಗಿ ಕೊಯ್ಲಿನ ಕಾಲದಲ್ಲಿ ಬನ್ನೇರುಘಟ್ಟದ ಕಡೆಯಿಂದ ಹಿಂಡುಗಳು ಈ ಹೊಲಗಳಿಗೆ ಇಳಿಯುತ್ತವೆ.

ಇಂಥ ಮನೆಯಲ್ಲಿ ಶಕ್ತಿಯ ಲೆಕ್ಕ ಕಣ್ಣಿಗೆ ಕಾಣುತ್ತದೆ. ಗಾಡಿಯಲ್ಲಿ ಎರಡು ಬ್ಯಾಟರಿ: ಒಂದು ಎಂಜಿನ್ ಎಬ್ಬಿಸಲು, ಇನ್ನೊಂದು ಸಂಸಾರಕ್ಕೆ. ಸಂಸಾರದ್ದು 12.8 ವೋಲ್ಟ್, 100 ಆಂಪಿಯರ್-ಗಂಟೆಯ ಲಿಥಿಯಂ ಬ್ಯಾಟರಿ. ಎರಡನ್ನೂ ಗುಣಿಸಿದರೆ 1,280 ವ್ಯಾಟ್-ಗಂಟೆ, ಕರೆಂಟ್ ಬಿಲ್ಲಿನ ಭಾಷೆಯಲ್ಲಿ ಒಂದೂಕಾಲು ಯೂನಿಟ್. 28 ವ್ಯಾಟಿನ ಫ್ಯಾನು ರಾತ್ರಿಯೆಲ್ಲ ತಿರುಗಿದರೂ ಕಾಲು ಯೂನಿಟ್ ದಾಟುವುದಿಲ್ಲ. ಚಟ್ನಿಗೆ ಐದು ನಿಮಿಷ ಮಿಕ್ಸಿ ಓಡಿಸುವುದು ಲೆಕ್ಕಕ್ಕೇ ಇಲ್ಲ. ಆದರೆ 1,500 ವ್ಯಾಟಿನ ಇಂಡಕ್ಷನ್ ಒಲೆ ಹಚ್ಚಿದರೆ ಗಂಟೆಯೊಳಗೆ ಕತ್ತಲು. ಹಾಗಾಗಿ ಅಡುಗೆಗೆ ಗ್ಯಾಸೇ ಗತಿ.

ಈಗ ಅದೇ ಅಳತೆಗೋಲಿನಲ್ಲಿ ಇಳಿಜಾರನ್ನು ಅಳೆಯೋಣ. ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಕೃಷ್ಣಗಿರಿ 500ರ ಆಸುಪಾಸು. ಸಾಮಾನು, ನೀರು, ನಾವಿಬ್ಬರು ಸೇರಿ ಗಾಡಿ ಮೂರೂವರೆ ಟನ್. ಅದು 100 ಮೀಟರ್ ಕೆಳಗಿಳಿದರೆ ಬಿಟ್ಟುಕೊಡುವ ಶಕ್ತಿ ಸುಮಾರು 34 ಲಕ್ಷ ಜೂಲ್. ನಮ್ಮ ಮನೆ ಬ್ಯಾಟರಿಯ ಮುಕ್ಕಾಲು ಪಾಲು! ಹನ್ನೊಂದು ಲೀಟರ್ ತಣ್ಣೀರನ್ನು ಕುದಿಸಲು ಸಾಕು. ನೂರು ಮೀಟರ್ ಸಾಗುವಷ್ಟರಲ್ಲಿ ಎರಡು ಮೀಟರ್ ಇಳಿಯುವ ಸೌಮ್ಯ ದಾರಿಯಾದರೆ ಟೈರಿನ ಉಜ್ಜಾಟ ಮತ್ತು ಗಾಳಿಯ ತಡೆಯೇ ಅದನ್ನು ತಿಂದುಹಾಕುತ್ತವೆ. ಹೆದ್ದಾರಿ ಕಡಿದಾಗಿ ಬಾಗಿದಲ್ಲಿ, ಉದಾಹರಣೆಗೆ ಇನ್ನೂ ದಕ್ಷಿಣಕ್ಕೆ ಲಾರಿ ಅಪಘಾತಗಳಿಗೆ ಕುಖ್ಯಾತವಾದ ತೊಪ್ಪೂರು ಘಾಟಿಯಲ್ಲಿ, ಉಳಿದ ಬಿಸಿಯೆಲ್ಲ ಬ್ರೇಕಿನ ಪಾಲು.

ಬ್ರೇಕ್ ಕಾದರೆ ಹಿಡಿತ ಸಡಿಲುತ್ತದೆ, ಅದು ಎಲ್ಲರಿಗೂ ಗೊತ್ತು. ಅದಕ್ಕಿಂತ ಕಳ್ಳ ಶತ್ರು ಬ್ರೇಕ್ ಆಯಿಲ್. ಹೆಸರು ಆಯಿಲ್ ಆದರೂ ಸಾಮಾನ್ಯವಾಗಿ ಬಳಸುವ ಈ ದ್ರವ ಎಣ್ಣೆಯಲ್ಲ, ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ. ಡಾಟ್ 3 ದರ್ಜೆಯ ಹೊಸ ದ್ರವ ಕುದಿಯಬೇಕಾದರೆ ಕನಿಷ್ಠ 205 ಡಿಗ್ರಿ ಬೇಕು. ತೇವ ಕುಡಿದದ್ದಕ್ಕೆ 140 ಸಾಕು. ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆ. ದ್ರವವನ್ನು ಒತ್ತಿದರೆ ಅದು ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುತ್ತದೆ, ಗುಳ್ಳೆ ಮಾತ್ರ ತಾನೇ ಕುಗ್ಗುತ್ತದೆ. ಪೆಡಲು ನೆಲ ಮುಟ್ಟಿದರೂ ಗಾಡಿ ನಿಲ್ಲುವುದಿಲ್ಲ.

ನನ್ನ ತಪ್ಪು ಇಷ್ಟೇ: ಡೀಸೆಲ್ ಉಳಿಯಲೆಂದು ನ್ಯೂಟ್ರಲ್‌ಗೆ ಹಾಕಿ ಬ್ರೇಕ್ ಮೇಲೆ ಕಾಲಿಟ್ಟು ಜಾರಿಸಿದ್ದೆ. ಹಳೆಯ ಡ್ರೈವರುಗಳು ಕಲಿಸಿದ ಈ ಮಿತವ್ಯಯ ಶುದ್ಧ ಮೌಢ್ಯ. ಇಂದಿನ ಎಂಜಿನ್ನುಗಳಲ್ಲಿ ಗೇರ್ ಬಿಡದೆ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಡೀಸೆಲ್ ಪೂರ್ತಿ ನಿಲ್ಲುತ್ತದೆ, ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆರದಂತೆ ಡೀಸೆಲ್ ಸುಡುತ್ತಲೇ ಇರಬೇಕು. ಎರಡನೇ ಅಥವಾ ಮೂರನೇ ಗೇರಿನಲ್ಲಿ ಪಿಸ್ಟನ್‌ಗಳ ಉಜ್ಜಾಟ ಮತ್ತು ಗಾಳಿ ಎಳೆದು ದಬ್ಬುವ ಕೆಲಸ ಗಾಡಿಯನ್ನು ಹಿಡಿದಿಡುತ್ತದೆ. ಆ ಬಿಸಿಯನ್ನು ಕಳೆಯಲು ರೇಡಿಯೇಟರು, ಸೈಲೆನ್ಸರು ಇವೆ. ಬ್ರೇಕಿಗೆ ಹಾದುಹೋಗುವ ಗಾಳಿಯೊಂದೇ ಆಸರೆ.

ಎತ್ತರದ ಶಕ್ತಿಯನ್ನು ಕೃಷ್ಣಗಿರಿಯವರಿಗೆ ಯಾರೂ ಕಲಿಸಬೇಕಿಲ್ಲ. 1791ರ ನವೆಂಬರಿನಲ್ಲಿ, ಮೂರನೇ ಮೈಸೂರು ಯುದ್ಧದಲ್ಲಿ, ಕಂಪನಿಯ ಕರ್ನಲ್ ಮ್ಯಾಕ್ಸ್‌ವೆಲ್ ಏಣಿ ಹಾಕಿ ಈ ಬೆಟ್ಟದ ಕೋಟೆ ಹತ್ತಲು ನೋಡಿದ. ಮೇಲಿದ್ದ ಟಿಪ್ಪುವಿನ ಪಡೆ ಬಂಡೆಗಳನ್ನು ಉರುಳಿಸಿ ಏಣಿಗಳನ್ನು ಮುರಿಯಿತು. ಕೋಟೆ ಅವನ ಕೈಗೆ ಸಿಗಲಿಲ್ಲ.

ಅದೇ ಬೆಟ್ಟವನ್ನು ನಾವು ಹತ್ತಿದ್ದು ಬೆಳಿಗ್ಗೆ ತಿಂದ ಮುದ್ದೆಯ ಬಲದಿಂದ. 60 ಕೆ.ಜಿ. ತೂಕದವರು 100 ಮೀಟರ್ ಏರಲು ಮಾಡುವ ಕೆಲಸ 16 ವ್ಯಾಟ್-ಗಂಟೆ. ಸ್ನಾಯುಗಳು ಅನ್ನದ ಶಕ್ತಿಯಲ್ಲಿ ನಾಲ್ಕನೇ ಒಂದು ಭಾಗವನ್ನಷ್ಟೇ ಕೆಲಸವಾಗಿಸುವುದರಿಂದ ತಗಲುವ ಖರ್ಚು ಸುಮಾರು 56 ಕ್ಯಾಲೊರಿ, ಅಂದರೆ 17 ಗ್ರಾಂ ರಾಗಿ ಹಿಟ್ಟು. ಮಿಕ್ಕ ಮುಕ್ಕಾಲು ಪಾಲು ಬಿಸಿ. ಅದನ್ನು ಬೆವರಿನಿಂದಲೇ ಆರಿಸಬೇಕಾದರೆ 70 ಮಿಲಿಲೀಟರ್ ಬೆವರು ಆರಬೇಕು.

ಇಳಿಯುವಾಗ ರಾಗಿ ಅಷ್ಟು ಖರ್ಚಾಗುವುದಿಲ್ಲ, ಉಸಿರೂ ಕಟ್ಟುವುದಿಲ್ಲ. ಮೋಸವಿರುವುದು ಅಲ್ಲೇ. ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತಾ ದೇಹವನ್ನು ಎತ್ತುತ್ತದೆ. ಇಳಿಯುವಾಗ ಬಿಗಿ ಹಿಡಿದೇ ಉದ್ದಕ್ಕೆ ಎಳೆಯಲ್ಪಡುತ್ತದೆ, ಅಂದರೆ ಬ್ರೇಕಿನ ಕೆಲಸ. ಆ ಎಳೆತದಲ್ಲಿ ಸೂಕ್ಷ್ಮ ತಂತುಗಳು ಹರಿಯುತ್ತವೆ. ನೋವು ಅಂದೇ ಬರದೆ ಒಂದು ಹಗಲು ಕಳೆದು ಶುರುವಾಗಿ, ಎರಡು ಮೂರನೇ ದಿನ ಏರುತ್ತದೆ. ಮಂಡಿ ಸ್ವಲ್ಪ ಮಡಿಸಿ ಸಣ್ಣ ಹೆಜ್ಜೆ ಹಾಕುವುದು, ಕೋಲು ಊರುವುದು, ಇವು ಕಾಲಿನ ಎರಡನೇ ಗೇರು.

ಹರಿದ ತಂತು ರಿಪೇರಿಯಾಗುವುದಷ್ಟೇ ಅಲ್ಲ, ಮುಂದಿನ ಇಳಿತಕ್ಕೆ ಗಟ್ಟಿಯೂ ಆಗಿರುತ್ತದೆ. ಹದಿನೈದು ದಿನ ಬಿಟ್ಟು ರಾಯಕೋಟೆ ಬೆಟ್ಟ ಇಳಿದಾಗ ಅವಳ ತೊಡೆ ನೋಯಲಿಲ್ಲ. ಗಾಡಿಯ ಬ್ರೇಕಿಗೆ ಆ ಭಾಗ್ಯವಿಲ್ಲ. ಅದರ ಆಯಿಲನ್ನು ಎರಡು ವರ್ಷಕ್ಕೊಮ್ಮೆ ನಾವೇ ಬದಲಿಸಬೇಕು.