ಹದಿನೆಂಟು ತುಂಬಿದ ಮೇಲಣ ವೈದ್ಯೋಪಚಾರ

ಹುಟ್ಟಿನಿಂದ ಅಂಗವೈಕಲ್ಯವುಳ್ಳ ಮಕ್ಕಳಲ್ಲಿ ಅನೇಕರು ಇಂದು ವೈದ್ಯಶಾಸ್ತ್ರದ ಸಹಾಯದಿಂದ ಬೆಳೆದು ಪ್ರಾಯಸ್ಥರಾಗುತ್ತಿರುವುದು ಸಂತೋಷದ ಸಂಗತಿಯೇ ಸರಿ. ಆದರೆ 18ನೆಯ ವರುಷ ತುಂಬುತ್ತಲೇ ಒಂದು ಹೊಸ ತೊಡಕು ಮನೆಯನ್ನು ಹೊಗುವುದೆಂಬುದನ್ನು ತಾಯಿತಂದೆಗಳು ಮುಂದಾಗಿ ಆಲೋಚಿಸಿರುವುದು ಅಪೂರ್ವ. ಅಷ್ಟು ಕಾಲ ಮಗುವಿನ ಪ್ರಕೃತಿಯನ್ನು ಬಲ್ಲ ಮಕ್ಕಳ ವೈದ್ಯರು, ಇನ್ನು ದೊಡ್ಡವರ ವಿಭಾಗಕ್ಕೆ ಹೋಗಿರೆನ್ನುತ್ತಾರೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವೂ ಆ ವಯಸ್ಸಿನವರೆಗೆ ಮಾತ್ರ. ದೊಡ್ಡವರ ಆಸ್ಪತ್ರೆಯಲ್ಲಾದರೋ ಮೂಳೆಗೊಬ್ಬರು, ನರಕ್ಕೊಬ್ಬರು, ಹೃದಯಕ್ಕೊಬ್ಬರು. ಇಡೀ ಮನುಷ್ಯನನ್ನು ನೋಡುವವರಾರು?

ಈ ಸಂಧಿಕಾಲದಲ್ಲಿ ಚಿಕಿತ್ಸೆ ಕಡಿದುಹೋದರೆ ಆಗುವ ಹಾನಿ ಅಲ್ಪವಲ್ಲ. ಸೆರೆಬ್ರಲ್ ಪಾಲ್ಸಿಯುಳ್ಳವರಿಗೆ ಅಂಗಸಾಧನೆ ತಪ್ಪಿದರೆ ಕೀಲುಗಳು ಬಿಗಿಯುತ್ತವೆ. ಡೌನ್ ಸಿಂಡ್ರೋಮ್ ಇರುವವರಿಗೆ ಥೈರಾಯ್ಡ್ ಪರೀಕ್ಷೆ ಬದುಕಿರುವವರೆಗೂ ಬೇಕು. ಮನೆಯವರು ಸೋಮಾರಿತನವೆಂದು ಗದರಿಸುವುದು ಕೆಲವು ವೇಳೆ ಆ ಗ್ರಂಥಿಯ ದೋಷವಾಗಿರುತ್ತದೆ. ಮೂರ್ಛೆರೋಗಕ್ಕೆ ವಾಲ್‌ಪ್ರೊಯೇಟ್ ಸೇವಿಸುವ ಹೆಣ್ಣುಮಗಳು ಪ್ರಾಯಕ್ಕೆ ಬಂದಾಗ, ಅದು ಗರ್ಭಸ್ಥ ಶಿಶುವಿಗೆ ಕೇಡು ಮಾಡಬಲ್ಲುದಾದುದರಿಂದ, ವೈದ್ಯರೊಡನೆ ಮರಳಿ ವಿಚಾರಿಸತಕ್ಕುದು, ತಾನಾಗಿ ನಿಲ್ಲಿಸಲಾಗದು. ನಾಚಿಕೆಯಿಂದ ಈ ಮಾತನ್ನು ಮುಚ್ಚಿಡುವುದು ತರವಲ್ಲವೆಂದು ನಮ್ಮ ಅಭಿಪ್ರಾಯ.

ಬ್ರಿಟನ್ನಿನಲ್ಲಿ 2016ರಲ್ಲಿ ಪ್ರಕಟವಾದ ಮಾರ್ಗಸೂಚಿಯು, ಈ ಸಿದ್ಧತೆಯನ್ನು 13-14ನೆಯ ವಯಸ್ಸಿನಲ್ಲಿಯೇ ತೊಡಗಬೇಕೆನ್ನುತ್ತದೆ. ನಮ್ಮ ಮನೆಗಳಲ್ಲಿಯೂ ಅದಾಗಬಹುದು. ವೈದ್ಯರು "ಹೇಗಿದ್ದೀಯಪ್ಪ?" ಎಂದು ಹುಡುಗನನ್ನು ಕೇಳಿದಾಗ ತಾಯಿಯೇ ಉತ್ತರ ಕೊಡುವ ರೂಢಿಯನ್ನು ಮೊದಲು ಬಿಡಬೇಕು. (ಇದು ಹೇಳಿದಷ್ಟು ಸುಲಭವಲ್ಲ, ಹದಿನಾಲ್ಕು ವರುಷ ಅವನ ನಾಲಗೆಯಾಗಿದ್ದವಳು ಆಕೆ.) ಮಾತು ಬಾರದವನಿಗೆ ಸನ್ನೆಯುಂಟು, ಚಿತ್ರದ ಹಲಗೆಯುಂಟು. ತಾನು ನುಂಗುವ ಮಾತ್ರೆಯ ಹೆಸರನ್ನೂ ಹೊತ್ತನ್ನೂ ಅವನೇ ಕಲಿಯಲಿ. ಹಳೆಯ ವೈದ್ಯರಿಂದ ಒಂದೇ ಹಾಳೆಯಲ್ಲಿ ರೋಗದ ಹೆಸರು, ಶಸ್ತ್ರಚಿಕಿತ್ಸೆಗಳಾದ ವರುಷ, ಔಷಧಿಗಳ ಪ್ರಮಾಣ, ಒಗ್ಗದ ಔಷಧಿ ಇವಿಷ್ಟನ್ನೂ ಬರೆಯಿಸಿಕೊಂಡರೆ, ಹೊಸ ವೈದ್ಯರು ಕಾಗದದ ಕಟ್ಟನ್ನು ತಿರುವುವ ಕಷ್ಟ ತಪ್ಪುವುದು.

ಕಾಯಿದೆಯ ಮಾತೂ ಒಂದುಂಟು. 18 ತುಂಬಿದ ಮಗನ ಪರವಾಗಿ ಸಹಿ ಮಾಡುವ ಅಧಿಕಾರ ತಂದೆಗೆ ತಾನಾಗಿ ಉಳಿಯುವುದಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವೈಕಲ್ಯ ಉಳ್ಳವರಿಗೆ ಪೋಷಕರ ಅಗತ್ಯವಿದ್ದರೆ, 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಂತೆ, ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಸಮಿತಿಗೆ ಅರ್ಜಿ ಸಲ್ಲಿಸಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಾದರೋ, ಸೀಮಿತ ಪೋಷಕನು ಆ ವ್ಯಕ್ತಿಯೊಡನೆ ಕೂಡಿಯೇ ತೀರ್ಮಾನಿಸಬೇಕೆಂದು ವಿಧಿಸುತ್ತದೆ. ಈ ನಾಲ್ಕು ಬಗೆಯವರಿಗೇ ಏರ್ಪಟ್ಟಿರುವ ನಿರಾಮಯ ವಿಮೆಯಲ್ಲಿ 1 ಲಕ್ಷ ರೂಪಾಯಿಯವರೆಗೆ ನೆರವು ದೊರೆಯುತ್ತದೆ. ಅದಕ್ಕೆ ವಯಸ್ಸಿನ ಮಿತಿಯಿಲ್ಲ.